ಪರದೆ ಎಳೆದಿದ್ದೇನೆ, ಮೇಡಂ

ಅವಳು ಅವನನ್ನು ಮೊದಲ ಸಲ ನೋಡಿದಾಗ ಅವನು ಕೀವು ನೆಕ್ಕುತ್ತಿದ್ದ.

ಸುಳ್ಳಲ್ಲ. ನರ್ಸಿಂಗ್ ಕಾಲೇಜಿನ ಸ್ಕಿಲ್ ಲ್ಯಾಬ್, ಅದರ ಪಕ್ಕದಲ್ಲೊಂದು ಕಿರುಕೋಣೆ, ಅರ್ಧ ತೆರೆದ ಬಾಗಿಲು, ಒಳಗೆ ನೀಲಿ ಏಪ್ರನ್ ಕಟ್ಟಿಕೊಂಡ ಒಬ್ಬ ಗಂಡಸು. ಎದುರಿಗಿದ್ದ ಸ್ಟೀಲ್ ಬಟ್ಟಲಲ್ಲಿ ಹಳದಿಯೂ ಅಲ್ಲದ ಹಸಿರೂ ಅಲ್ಲದ ಏನೋ ಒಂದು ಮಂದವಾಗಿ ಕೂತಿತ್ತು. ಅವನು ಕಿರುಬೆರಳಿನಲ್ಲಿ ಅದನ್ನಷ್ಟು ತೆಗೆದು, ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ನೋಡಿ, ನಾಲಿಗೆಗೆ ಸವರಿಕೊಂಡ. ಸಾಲದ್ದಕ್ಕೆ ಚಪ್ಪರಿಸಿದ. ಆಮೇಲೆ ಬಾಗಿಲ ಕಡೆ ತಿರುಗಿ, ಅವಳನ್ನು ನೋಡಿ, ನಕ್ಕ.

ಪ್ರಾಕ್ಟಿಕಲ್ ಪರೀಕ್ಷೆಗೆ ಇನ್ನು ಹತ್ತೇ ನಿಮಿಷ ಉಳಿದಿತ್ತು. ಭಯಕ್ಕೆ ಬೆಳಗಿನ ತಿಂಡಿ ಇನ್ನೂ ಅರಗದ ಹೊಟ್ಟೆ ಅವಳದು. ಬಾಯಿಗೆ ಕೈ ಅಡ್ಡ ಹಿಡಿದು ಓಡಿದಳು. ಅವಳ ಪಾಲಿಗೆ ಬಂದಿದ್ದ ಕೆಲಸ ಮಂಚದ ಮೇಲಿನ ರಬ್ಬರ್ ಬೊಂಬೆಯ ಗಂಟಲಿನಿಂದ ಕಫ ಎಳೆದು ತೆಗೆಯುವುದು. ಕೊಳವೆಯಲ್ಲಿ ಆ ಲೋಳೆ ಗೊರಗೊರ ಅಂದದ್ದೇ ತಡ, ಅವಳ ಕಣ್ಣ ಮುಂದೆ ಆ ನಾಲಿಗೆ ಬಂತು. ಬೊಂಬೆಯ ಎದೆಯ ಮೇಲೆಯೇ ವಾಂತಿ ಮಾಡಿಬಿಟ್ಟಳು.

"ನೆಕ್ಸ್ಟ್," ಎಂದರು ಪರೀಕ್ಷಕಿ ಮೇಡಂ, ತಲೆ ಕೂಡ ಎತ್ತದೆ.

ಸಂಜೆಯೊಳಗೆ ಹಾಸ್ಟೆಲಿನಲ್ಲಿ ಅವಳಿಗೆ ವಾಂತಿರಾಣಿ ಎಂದು ನಾಮಕರಣ ಆಗಿತ್ತು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದ ಕಾಗದವನ್ನು ನುಂಗುವುದು ಕಷ್ಟವಾಗಿತ್ತು. ಆರು ವಾರಕ್ಕೆ ಮರುಪರೀಕ್ಷೆ. ಅದರಲ್ಲೂ ಫೇಲಾದವರ ಹೆಸರನ್ನು ಕೋರ್ಸಿನಿಂದ ತೆಗೆಯಲಾಗುವುದು. ಮೂರು ವರ್ಷದ ಓದು ಆರು ವಾರದ ಮೇಲೆ ನಿಂತಿತ್ತು.

ಮಾರನೆಯ ದಿನ ಅವಳು ಜಗಳಕ್ಕೆಂದೇ ಆ ಕಿರುಕೋಣೆಗೆ ಹೋದಳು. ಅವನು ರಬ್ಬರ್ ಬೊಂಬೆಯನ್ನು ಮಡಿಲಿನಲ್ಲಿ ಮಲಗಿಸಿಕೊಂಡು ಹಳೆಯ ಟೂತ್‌ಬ್ರಶ್ಶಿನಿಂದ ಅದರ ಕತ್ತಿನ ಸಂದು ಉಜ್ಜುತ್ತಿದ್ದ.

"ನಿಮ್ಮಿಂದಲೇ ನಾನು ಫೇಲಾಗಿದ್ದು!"

"ನಿಮ್ಮಿಂದಲೇ ನಾನು ನಿನ್ನೆಯಿಂದ ಇದನ್ನ ಉಜ್ಜುತ್ತಾ ಇರೋದು," ಎಂದ ಅವನು. "ನಾನು ಮಾಡೋದೆಲ್ಲ ಡೂಪ್ಲಿಕೇಟ್ ರೀ. ನಿಮ್ಮದು ಮಾತ್ರ ಒರಿಜಿನಲ್."

ಅವಳಿಗೆ ಮೈಯೆಲ್ಲ ಉರಿಯಿತು. "ಕೀವು ನೆಕ್ಕೋರಿಗೆ ಒರಿಜಿನಲ್ ಏನು, ಡೂಪ್ಲಿಕೇಟ್ ಏನು!"

"ಕಸ್ಟರ್ಡು." ಅವನು ಬಟ್ಟಲನ್ನು ಮುಂದೆ ತಳ್ಳಿದ. "ಒಂದು ಚಿಟಿಕೆ ಹಸಿರು ಬಣ್ಣ. ಗಂಟು ಕಟ್ಟಿದೆಯಾ ಅಂತ ನಾಲಿಗೆಗೆ ಗೊತ್ತಾಗೋ ಹಾಗೆ ಕಣ್ಣಿಗೆ ಗೊತ್ತಾಗಲ್ಲ. ತಿಂದು ನೋಡಿ."

"ಥೂ!"

"ಒಂದು ದಿನ ತಿಂತೀರಿ," ಎಂದು ಅವನು ಮತ್ತೆ ಬೊಂಬೆಯ ಕತ್ತಿಗೆ ಬಿದ್ದ.

ಈ ವರ್ಷ ಹೊಸದಾಗಿ ಸೇರಿದ್ದ ಅವನನ್ನು ಹುಡುಗಿಯರು ಕೀವು ಮಾಸ್ಟರ್ ಎನ್ನುತ್ತಿದ್ದರು. ಪರೀಕ್ಷೆಗೆ ಬೇಕಾದ ಎಲ್ಲ ಹೊಲಸನ್ನೂ ಅವನೇ ತಯಾರಿಸುತ್ತಿದ್ದ. ಮೊಟ್ಟೆಯ ಬಿಳಿಗೆ ಜೋಳದ ಹಿಟ್ಟು ಕಲಸಿದರೆ ಕಫ, ಬೀಟ್‌ರೂಟ್ ರಸ ಕುದಿಸಿ ಇಂಗಿಸಿದರೆ ಹಳೇ ರಕ್ತ, ಚಾಕೊಲೇಟಿಗೆ ನೆನೆಸಿದ ಬಿಸ್ಕತ್ತು ಹಿಸುಕಿದರೆ ಹೇಳುವುದೇ ಬೇಡ. ವಾಸನೆಗೆಂದು ಕಪಾಟಿನ ತಳದಲ್ಲಿ ಒಂದು ಡಬ್ಬಿ ಇತ್ತು. ಎಲೆಕೋಸಿನ ನೀರನ್ನು ಹದಿನೈದು ದಿನ ಕೊಳೆಸಿ ಇಟ್ಟದ್ದು. ಅದರ ಮುಚ್ಚಳ ತೆಗೆದರೆ ಕಾರಿಡಾರಿನ ಆ ತುದಿಯಲ್ಲಿ ಯಾರಾದರೂ ಶಾಪ ಹಾಕುತ್ತಿದ್ದರು.

"ದಿನಾ ಊಟದ ಹೊತ್ತಲ್ಲಿ ಬನ್ನಿ. ಆರು ವಾರದಲ್ಲಿ ಸರಿ ಮಾಡ್ತೀನಿ," ಎಂದ ಅವನು.

"ಊಟದ ಹೊತ್ತಲ್ಲೇ ಯಾಕೆ?"

"ಹೊಟ್ಟೆ ಖಾಲಿ ಇರುತ್ತಲ್ಲ. ಬೊಂಬೆಗೆ ಕ್ಷೇಮ."

ನಗಬಾರದು ಎಂದುಕೊಂಡಿದ್ದಳು. ಮೂಗಿನಿಂದ ನಗು ಹೊರಬಂದೇ ಬಿಟ್ಟಿತು.

ಹಾಸ್ಟೆಲಿನಲ್ಲಿ ಉಳಿದವರ ತಯಾರಿಯೇ ಬೇರೆ. ಅವಳ ರೂಮ್‌ಮೇಟ್ ಹಾಸಿಗೆಯ ಮೇಲೆ ಕೂತು ತಲೆ ಕೆರೆದುಕೊಳ್ಳುತ್ತಾ ಒಪ್ಪಿಸುತ್ತಿದ್ದಳು. "ಕೈ ತೊಳೆದಿದ್ದೇನೆ ಮೇಡಂ. ರೋಗಿಗೆ ವಿವರಿಸಿದ್ದೇನೆ ಮೇಡಂ. ಪರದೆ ಎಳೆದಿದ್ದೇನೆ ಮೇಡಂ." ಹೀಗೆ ಹೇಳಿದರೆ ಸಾಕು, ಅಂಕ ಬೀಳುತ್ತದೆ. ನಿಜವಾಗಿ ಕೈ ತೊಳೆಯುತ್ತಾ ನಿಂತರೆ ಪರೀಕ್ಷೆಯ ಎಂಟು ನಿಮಿಷ ಸಾಲುವುದಿಲ್ಲ. ಪರದೆಯನ್ನಂತೂ ಯಾರೂ ಎಳೆಯದಿರಲಿ ಎಂದು ಲ್ಯಾಬಿನಲ್ಲಿ ಬ್ಯಾಂಡೇಜ್ ಬಟ್ಟೆಯಿಂದ ಗೋಡೆಯ ಮೊಳೆಗೆ ಬಿಗಿದು ಕಟ್ಟಿಟ್ಟಿದ್ದರು. ಎಳೆದರೆ ಪರೀಕ್ಷಕರಿಗೆ ಏನು ಕಾಣಬೇಕು? ಹುಡುಗಿಯರು ಒಂದೇ ಜೊತೆ ಗ್ಲೌಸನ್ನು ಒಳಗೆ ಹೊರಗೆ ತಿರುಗಿಸಿ ನಾಲ್ಕು ಜನ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದರು. ಮೂಗಿನ ಕೆಳಗೆ ಬಾಮ್ ಹಚ್ಚಿ, ಮೇಲೆ ಮಾಸ್ಕ್ ಏರಿಸುತ್ತಿದ್ದರು. ಅವಳಿಗೆ ಕಫಕ್ಕಿಂತ ಇದೇ ಹೆಚ್ಚು ಅಸಹ್ಯವಾಗತೊಡಗಿತು.

ಒಂದು ಮಧ್ಯಾಹ್ನ ಅವಳೂ ಬಾಮ್ ಹಚ್ಚಿಕೊಂಡು ಹೋದಳು. ಅವನು ವಾಸನೆಯಲ್ಲೇ ಕಂಡುಹಿಡಿದ.

"ಒರೆಸಿ ಅದನ್ನ. ಮಾಸ್ಕೂ ತೆಗೀರಿ."

"ಮಾಸ್ಕ್ ಇದ್ರೆ ಮುಖ ಕಾಣಲ್ವಲ್ಲ?"

"ಕಣ್ಣು ಕಾಣುತ್ತೆ." ಅವನು ಬೊಂಬೆಯ ತಲೆದೆಸೆಗೆ ಒಂದು ಕೈಗನ್ನಡಿ ನೇತುಹಾಕಿದ. "ಹೊಲಸನ್ನ ಅರ್ಧ ಕ್ಷಣ ನೋಡಿ. ಉಳಿದ ಹೊತ್ತು ನಿಮ್ಮ ಮುಖ ನೋಡ್ಕೊಳ್ಳಿ. ಮಲಗಿರೋನು ತನ್ನ ಗಾಯ ನೋಡಲ್ಲ ರೀ, ನೋಡೋಕೆ ಅವನಿಗೆ ಧೈರ್ಯ ಇರಲ್ಲ. ನಿಮ್ಮ ಮುಖ ನೋಡಿ, ತನಗೇನಾಗಿದೆ ಅಂತ ತಿಳ್ಕೊಳ್ತಾನೆ."

ಅವಳು ಕನ್ನಡಿ ನೋಡಿಕೊಂಡಳು. ಮೇಲ್ತುಟಿ ಒಂದು ಕಡೆ ಏರಿತ್ತು, ಮೂಗಿನ ಹೊಳ್ಳೆ ಕಿವುಚಿಕೊಂಡಿತ್ತು. ಆ ಮುಖ ಅವಳಿಗೆ ಗೊತ್ತಿತ್ತು.

"ನಮ್ಮಪ್ಪ ಆಸ್ಪತ್ರೇಲಿದ್ದಾಗ ನಾನು ಬಾಗಿಲಲ್ಲೇ ಮೂಗು ಮುಚ್ಕೊಂಡು ನಿಂತಿದ್ದೆ," ಎಂದಳು, ಕನ್ನಡಿಗೇ ಹೇಳುವವಳ ಹಾಗೆ. "ಒಳಗೆ ಹೋಗೋಕೇ ಆಗ್ಲಿಲ್ಲ. ಅವರು ನನ್ನ ನೋಡಿ, ಕಷ್ಟಪಟ್ಟು ಹೊದಿಕೆ ಮೇಲಕ್ಕೆ ಎಳ್ಕೊಂಡ್ರು. ಮಾರನೇ ದಿನ ಹೋದ್ರು. ಅದಕ್ಕೇ ನರ್ಸಿಂಗ್ ಸೇರಿದ್ದು. ಸೇರಿ ಏನು ಬಂತು, ಮುಖ ಅದೇ ಇದೆ."

ಅವನು ಕಪಾಟಿನ ತಳದಿಂದ ಎಲೆಕೋಸಿನ ಡಬ್ಬಿ ತಂದು ಮುಚ್ಚಳ ತೆಗೆದ. "ಹಾಗಾದ್ರೆ ಇನ್ನೊಂದ್ಸಲ," ಎಂದ.

ದಿನಗಳು ಹೀಗೇ ಹೋದವು, ವಾಕರಿಸುತ್ತಾ, ಬೈದುಕೊಳ್ಳುತ್ತಾ. ಪ್ರೀತಿ ಯಾವಾಗ ಶುರುವಾಯಿತು ಎಂದು ಕೇಳಿದರೆ ಹೇಳುವುದಕ್ಕೆ ಅವಳಲ್ಲಿ ಮರ್ಯಾದಸ್ಥ ಉತ್ತರವೇ ಇರಲಿಲ್ಲ. ನಕಲಿ ಮಲಕ್ಕೆ ಅವನು ಅಕ್ಕರೆಯಿಂದ ಬಿಸ್ಕತ್ತು ಪುಡಿ ಉದುರಿಸುವಾಗಲೋ ಏನೋ. ಅವನು ಎಲ್ಲ ಹುಡುಗಿಯರನ್ನೂ ಸಿಸ್ಟರ್ ಎಂದು ಕರೆಯುತ್ತಿದ್ದ, ಅವಳನ್ನು ಮಾತ್ರ ಏನ್ರೀ ಎನ್ನುತ್ತಿದ್ದ. ಅವಳು ಬರುವ ಹೊತ್ತಿಗೆ ಅವನ ತಲೆಗೂದಲು ಒದ್ದೆಯಾಗಿ ಬಾಚಿರುತ್ತಿತ್ತು. ಅವಳು ನೋಡಿದರೆ ಅವನು ಬಟ್ಟಲು ನೋಡುತ್ತಿದ್ದ, ಅವಳು ಬಟ್ಟಲು ನೋಡಿದರೆ ಅವನು ಅವಳನ್ನು ನೋಡುತ್ತಿದ್ದ. ತಲೆದೆಸೆಯ ಕನ್ನಡಿ ಇದನ್ನೆಲ್ಲ ಚಾಡಿ ಹೇಳುತ್ತಿತ್ತು.

"ನಿಮಗೆ ಯಾವುದರಿಂದಲೂ ಹೇಸಿಗೆ ಆಗಲ್ವಾ?" ಎಂದು ಒಂದು ದಿನ ಕೇಳಿದಳು.

"ಒಂದರಿಂದ ಆಗುತ್ತೆ."

"ಯಾವುದು?"

"ನೀವು ಪಾಸಾದ್ಮೇಲೆ ಹೇಳ್ತೀನಿ."

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಎಡವಟ್ಟಾಯಿತು. ಅವನ ದೊಗಳೆ ಅಂಗಿಯ ಮೇಲೆ, ಎಡಗಡೆ ಸೊಂಟದ ಹತ್ತಿರ, ಕಸ್ಟರ್ಡ್ ಸಿಡಿದಿತ್ತು. ಅವಳು ಹತ್ತಿ ತೆಗೆದುಕೊಂಡು, ಯೋಚಿಸದೆ, ಒರೆಸಲು ಕೈ ಚಾಚಿದಳು. ಅವನು ಬೆಂಕಿ ತಗುಲಿದವನಂತೆ ಹಿಂದಕ್ಕೆ ಹಾರಿದ. ಬಟ್ಟಲು ಉರುಳಿತು.

"ಮುಟ್ಟಬೇಡಿ!"

ಅವನ ಮುಖದಲ್ಲಿ ಇದ್ದದ್ದು ಹೇಸಿಗೆಯೇ, ಅವಳಿಗೆ ಅನುಮಾನವೇ ಇರಲಿಲ್ಲ. ಐದು ವಾರ ಕನ್ನಡಿಯಲ್ಲಿ ನೋಡಿ ನೋಡಿ ಅದರ ಗುರುತು ಅವಳಿಗೆ ಚೆನ್ನಾಗಿ ಹತ್ತಿತ್ತು. ಕೀವು ನೆಕ್ಕುವವನಿಗೆ ತನ್ನ ಬೆರಳು ಅಸಹ್ಯವಾಯಿತೇ? ಹತ್ತಿಯನ್ನು ಬುಟ್ಟಿಗೆ ಎಸೆದು ಹೊರಟಳು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಹಾಸ್ಟೆಲಿನ ಬಚ್ಚಲಿನ ಕನ್ನಡಿಯ ಮುಂದೆ ಒಬ್ಬಳೇ ನಿಂತು ಮುಖ ಅಭ್ಯಾಸ ಮಾಡಿದಳು, ಮಧ್ಯೆ ಮಧ್ಯೆ ಅವನನ್ನು ಬಯ್ದಳು, ಒಮ್ಮೆ ಅತ್ತಳು.

ಮರುಪರೀಕ್ಷೆಯ ದಿನ ಹದಿನಾಲ್ಕು ಜನ ಸಾಲಾಗಿ ಬೆಂಚಿನ ಮೇಲೆ ಕೂತಿದ್ದರು. ಅವಳು ಕೊನೆಯವಳು. ಈ ಸಲದ ಕೆಲಸ ಚೀಲ ಬದಲಾಯಿಸುವುದು. ಕರುಳಿಗೆ ಪೆಟ್ಟಾದವರಿಗೆ ಆಪರೇಷನ್ ಮಾಡಿ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದಿರುತ್ತಾರೆ. ಮಲ ಅಲ್ಲಿಂದ ಬಂದು, ಚರ್ಮಕ್ಕೆ ಅಂಟಿಸಿದ ಚೀಲಕ್ಕೆ ಬೀಳುತ್ತದೆ. ಹಳೇ ಚೀಲ ಬಿಡಿಸಿ, ತೊಳೆದು, ಹೊಸದು ಅಂಟಿಸಬೇಕು. ರೋಗಿಯಾಗಿ ಮಲಗುವ ಮನುಷ್ಯನ ಹೊಟ್ಟೆಗೆ ರಬ್ಬರಿನ ಹುಸಿ ಹೊಟ್ಟೆಯೊಂದನ್ನು ಬೆಲ್ಟಿನಿಂದ ಕಟ್ಟಿರುತ್ತಾರೆ, ಚೀಲ ಇರುವುದು ಅದರ ಮೇಲೆ.

ಪ್ರತಿ ಸಲ ರೋಗಿಯಾಗಿ ಮಲಗುತ್ತಿದ್ದ ಕ್ಯಾಂಟೀನಿನವರಿಗೆ ಜ್ವರವಂತೆ. ಅವಳು ಒಳಗೆ ಹೋಗಿ ನೋಡಿದರೆ ಮಂಚದ ಮೇಲೆ ಮಲಗಿದ್ದವನು ಕೀವು ಮಾಸ್ಟರ್. ಬೆಳಗಿನಿಂದ ಹದಿಮೂರು ಜನ ಆ ಹುಸಿ ಹೊಟ್ಟೆಯನ್ನು ಒತ್ತಿ, ತಿಕ್ಕಿ, ಹೋಗಿದ್ದರು. ಅವನ ಮುಖ ಬಿಳಿಚಿತ್ತು, ಹಣೆಯ ಮೇಲೆ ಬೆವರು.

ಮಂಚದ ಕಾಲ ಬಳಿ ಅದೇ ಮೇಡಂ, ಅದೇ ಗಂಟುಮುಖ, ಮಡಿಲಲ್ಲಿ ಅಂಕದ ಹಾಳೆ. "ಎಂಟು ನಿಮಿಷ. ಶುರು ಮಾಡಮ್ಮ. ವಾಂತಿ ಬಂದ್ರೆ ಮೊದಲೇ ಹೇಳು."

ಅವಳು ಕೈ ತೊಳೆದಳು, ಬಾಯಲ್ಲಲ್ಲ, ನಲ್ಲಿಯಲ್ಲೇ. ಹೊದಿಕೆ ಸರಿಸಿದಳು. ಅಂಗಿ ಎತ್ತಿದಳು.

ರಬ್ಬರ್ ಹೊಟ್ಟೆಯ ಅಂಚಿನಿಂದ ಕಂದು ಬಣ್ಣದ ನೀರು ಜಿನುಗಿ ಹಾಸಿಗೆಗೆ ಇಳಿಯುತ್ತಿತ್ತು. ಬಿಸ್ಕತ್ತು ಚೆಲ್ಲಿದೆ ಎಂದುಕೊಂಡಳು. ಆಮೇಲೆ ವಾಸನೆ ಮೂಗಿಗೆ ಬಡಿಯಿತು. ಅವನ ಡಬ್ಬಿಯ ವಾಸನೆ ಅವಳಿಗೆ ಬಾಯಿಪಾಠವಾಗಿತ್ತು. ಇದು ಎಲೆಕೋಸಲ್ಲ.

ಅವಳು ಅವನ ಕಡೆ ನೋಡಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ.

ಎಡಗಡೆ ಸೊಂಟ, ದೊಗಳೆ ಅಂಗಿ, ಮುಟ್ಟಬೇಡಿ. ಎಲ್ಲ ಒಟ್ಟಿಗೆ ಅರ್ಥವಾಯಿತು. ಅದರ ಜೊತೆಗೇ ಹೊಟ್ಟೆಯ ಆಳದಿಂದ ಹೇಸಿಗೆ ಎದ್ದು ಗಂಟಲಿಗೆ ಬಂದು ನಿಂತಿತು. ಕಣ್ಣಲ್ಲಿ ನೀರೂರಿತು. ಬಾಯಲ್ಲಿ ಹುಳಿ ತುಂಬಿತು. ಅವಳು ಅದನ್ನು ನುಂಗಿದಳು. ಮತ್ತೆ ಬಂತು, ಮತ್ತೆ ನುಂಗಿದಳು.

ಮೇಲಿನ ರಬ್ಬರಿನ ಚೀಲ ಬದಲಾಯಿಸಿ ಹೋದರೆ ಪಾಸು. ಕೆಳಗಿರುವ ಅವನ ಸ್ವಂತ ಚೀಲವನ್ನು ಮುಟ್ಟಿದರೆ ಹೊತ್ತು ಮೀರುತ್ತದೆ, ಅಲ್ಲದೆ ಮೇಡಂ ಎದುರಿಗೇ ಕೂತಿರುವ ಈ ಕೋಣೆಯಲ್ಲಿ ಅವನ ಗುಟ್ಟು ಬಯಲಾಗುತ್ತದೆ. ಅವನು ಕಣ್ಣಿನಲ್ಲೇ, ಬೇಡ, ಮೇಲಿನದನ್ನೇ ಮಾಡಿ, ಎಂದ. ಆಮೇಲೆ ಹೊದಿಕೆಯ ತುದಿ ಹುಡುಕಿ, ಕಷ್ಟಪಟ್ಟು ಮೇಲಕ್ಕೆ ಎಳೆದುಕೊಳ್ಳಲು ನೋಡಿದ.

ಅವಳು ಗೋಡೆಯ ಬಳಿ ಹೋದಳು. ಟ್ರಾಲಿಯ ಕತ್ತರಿಯಿಂದ ಬ್ಯಾಂಡೇಜ್ ಬಟ್ಟೆಯ ಗಂಟನ್ನು ಕತ್ತರಿಸಿದಳು. ಪರದೆಯನ್ನು ಸರ್ರನೆ ಮಂಚದ ಸುತ್ತ ಎಳೆದಳು.

"ಪರದೆ ಎಳೆದಿದ್ದೇನೆ, ಮೇಡಂ."

"ಏನಮ್ಮ ಇದು! ನನಗೆ ಕಾಣೋದು ಬೇಡ್ವಾ? ಮಾರ್ಕ್ಸ್ ಹೇಗೆ ಹಾಕ್ಲಿ?"

"ರೋಗಿಗೆ ಮರ್ಯಾದೆ ಇದೆ ಮೇಡಂ. ನೀವು ಕೇಳಿಸ್ಕೊಳ್ಳಿ."

ಬೆಲ್ಟ್ ಬಿಚ್ಚಿ ರಬ್ಬರ್ ಹೊಟ್ಟೆಯನ್ನು ಪಕ್ಕಕ್ಕಿಟ್ಟಳು. ಕೆಳಗೆ ನಿಜವಾದ ಚೀಲ, ಒತ್ತಡಕ್ಕೆ ಅಂಚು ಕಿತ್ತು ಬಂದಿತ್ತು, ಚರ್ಮ ಕೆಂಪಾಗಿ ಸುಲಿದಿತ್ತು.

"ಎಷ್ಟು ದಿನದಿಂದ?" ಪಿಸುಗುಟ್ಟಿದಳು.

"ಮೂರು ವರ್ಷ. ಆಂಬುಲೆನ್ಸ್ ಓಡಿಸ್ತಿದ್ದೆ. ಆಕ್ಸಿಡೆಂಟು." ಅವನು ಪರದೆಯ ಕಡೆ ಕಣ್ಣು ತೋರಿಸಿದ. "ಹೋಗ್ರೀ ನೀವು. ಫೇಲಾಗ್ತೀರಿ."

"ರೋಗಿಗಳು ಸುಮ್ನಿರ್ಬೇಕು," ಎಂದಳು. ಆಮೇಲೆ ಹೊರಗೆ ಕೇಳುವಂತೆ, "ಈಗ ಹಳೇ ಚೀಲ ಬಿಡಿಸ್ತೀನಿ. ಚರ್ಮ ಎಳೆದ ಹಾಗೆ ಆಗುತ್ತೆ, ನೋವಾದ್ರೆ ಹೇಳಿ. ನೀರು ಸ್ವಲ್ಪ ತಣ್ಣಗಿದೆ."

ಆ ಕೆಂಪು ಕರುಳ ತುದಿ ಬಟ್ಟೆ ತಾಗಿದ್ದಕ್ಕೆ ಬೆಚ್ಚಗೆ ಮಿಸುಕಿತು. ರಬ್ಬರು ಯಾವತ್ತೂ ಮಿಸುಕಿರಲಿಲ್ಲ. ಗಂಟಲಿಗೆ ಮೂರನೇ ಸಲ ಬಂತು, ಅದನ್ನೂ ನುಂಗಿ, ಅವನ ಕಡೆ ತಿರುಗಿದಳು. ಇಲ್ಲಿ ಕನ್ನಡಿ ಇರಲಿಲ್ಲ. ತನ್ನ ಮುಖ ಹೇಗಿದೆ ಎಂದು ಅವನ ಮುಖದಲ್ಲಿ ನೋಡಿ ತಿಳಿದುಕೊಂಡಳು. ಅವನ ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾಗುತ್ತಿದ್ದವು.

ಹೊಸ ಚೀಲವನ್ನು ಅಳೆದು, ಕತ್ತರಿಸಿ, ಕೂರಿಸಿದಳು. ಅಂಟು ಹಿಡಿಯಬೇಕಾದರೆ ಅಂಗೈಯ ಶಾಖ ಬೇಕು, ಅರ್ಧ ನಿಮಿಷ ಕೈ ಹಾಗೇ ಇಡಬೇಕು. ಅವಳು ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಎಣಿಸಿದಳು. ಹತ್ತರ ಹೊತ್ತಿಗೆ ಅವನು ಕಣ್ಣು ಮುಚ್ಚಿದ. ಇಪ್ಪತ್ತರ ಹೊತ್ತಿಗೆ ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆ ಇಳಿಯಿತು. ಮೂವತ್ತಾದ ಮೇಲೂ ಅವಳು ಕೈ ತೆಗೆಯಲಿಲ್ಲ.

ಗಂಟೆ ಹೊಡೆಯಿತು.

ಪರದೆ ಸರಿಸಿ ಹೊರಗೆ ಬಂದಾಗ ಮೇಡಂ ಕನ್ನಡಕ ತೆಗೆದು ಅವಳನ್ನು, ಹಳೇ ಚೀಲ ಬಿದ್ದಿದ್ದ ಕಸದ ಬುಟ್ಟಿಯನ್ನು, ಮತ್ತೆ ಅವಳನ್ನು ನೋಡಿದರು. "ನನ್ನ ಮೂಗಿಗೆ ಮೂವತ್ತು ವರ್ಷ ಸರ್ವಿಸ್ ಆಗಿದೆ," ಎಂದರು ತಗ್ಗಿದ ದನಿಯಲ್ಲಿ. "ಒಳಗೆ ಏನಾಯ್ತು ಅಂತ ನಾನು ಕೇಳಲ್ಲ, ನೀನು ಹೇಳಲೂ ಬೇಡ. ಆದ್ರೆ ಕಾಣದ್ದಕ್ಕೆ ಮಾರ್ಕ್ಸ್ ಕೊಡೋಕಾಗಲ್ಲ. ಕೇಳಿಸಿದ್ದಕ್ಕೆ ಕೊಡ್ತೀನಿ." ಹಾಳೆಯ ಮೇಲೆ ಪೆನ್ನು ಓಡಿಸಿ ಕೂಡಿಸಿದರು. ಇಪ್ಪತ್ತಕ್ಕೆ ಹತ್ತು. ಪಾಸಾಗಲು ಬೇಕಾಗಿದ್ದದ್ದು ಹತ್ತೇ. "ಹೋಗು. ಪರದೆ ಹಾಗೇ ಇರ್ಲಿ, ಕಟ್ಟಬೇಡ."

ಅವಳು ಗಂಭೀರವಾಗಿ ಬಾಗಿಲವರೆಗೆ ನಡೆದಳು. ಬಾಗಿಲು ದಾಟಿದ್ದೇ ಕಿರುಕೋಣೆಗೆ ಓಡಿ, ಅಲ್ಲಿನ ಸಿಂಕಿಗೆ ಬಗ್ಗಿ, ಬೆಳಗಿನಿಂದ ತಿಂದಿದ್ದನ್ನೆಲ್ಲ ವಾಂತಿ ಮಾಡಿದಳು. ತಲೆ ಎತ್ತಿದರೆ ಅಂಗಿ ಬದಲಾಯಿಸಿಕೊಂಡು ಬಂದ ಅವನು ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಹೇಸಿಗೆ ಆಯ್ತಲ್ಲ?" ಎಂದ. ನಗಲು ಹೋಗಿ ಸೋತ. "ನನಗೆ ಒಂದರಿಂದ ಹೇಸಿಗೆ ಆಗುತ್ತೆ ಅಂದಿದ್ನಲ್ಲ, ಅದು ಈ ಚೀಲಾನೇ. ಮೊದಲ್ನೇ ಸಲ ಚೀಲ ಬಿಡಿಸಿದ ಸಿಸ್ಟರ್ ಮುಖ ತಿರುಗಿಸಿದ್ರು. ಅವತ್ತಿಂದ ನನ್ನ ಮೈ ನನಗೇ ಆಗಲ್ಲ. ನೀವು ಅವತ್ತು ಕೈ ಚಾಚಿದಾಗ ನಾನು ಹಾರಿದ್ದು ನಿಮಗೆ ಹೇಸಿ ಅಲ್ಲ."

ಅವಳು ಬಾಯಿ ಮುಕ್ಕಳಿಸಿ, ಸೆರಗಿಲ್ಲದ್ದಕ್ಕೆ ತೋಳಿನಲ್ಲೇ ಮುಖ ಒರೆಸಿಕೊಂಡಳು.

"ಆಯ್ತು. ಸಿಕ್ಕಾಪಟ್ಟೆ ಹೇಸಿಗೆ ಆಯ್ತು. ಸುಳ್ಳು ಹೇಳಲ್ಲ, ನಾಳೆ ಮಾಡಿದ್ರೂ ಆಗುತ್ತೆ. ನಾನು ವಾಂತಿರಾಣಿ, ನನಗೆ ಕೊತ್ತಂಬರಿ ಕೊಳೆತ್ರೂ ಆಗುತ್ತೆ." ಉಸಿರು ತೆಗೆದುಕೊಂಡಳು. "ನಿಮ್ಮ ಮೇಲೆ ಆಗ್ಲಿಲ್ಲ. ನಿಮ್ಮ ಮೇಲೆ ಆಗಿರೋದು ಬೇರೆ. ಅದು ಆಗಿ ಸುಮಾರು ಮೂರು ವಾರ ಆಯ್ತು, ಹೇಳೋಕೆ ಒಳ್ಳೇ ಜಾಗ ಸಿಗ್ಲಿಲ್ಲ. ಈ ಸಿಂಕೇ ಗತಿ ಅನ್ಸುತ್ತೆ."

ಅವನು ಒಳಗೆ ಬಂದು ನಲ್ಲಿ ತಿರುಗಿಸಿ, ಸಿಂಕಿನಲ್ಲಿದ್ದದ್ದನ್ನು ಬರಿಗೈಯಿಂದ ತೊಳೆಯತೊಡಗಿದ. ಅವನ ಕಿವಿ ಕೆಂಪಾಗಿತ್ತು.

"ನನಗೆ ಆರು ವಾರ ಆಯ್ತು," ಎಂದ ನಲ್ಲಿಯ ಸದ್ದಿನಲ್ಲಿ. "ಬೊಂಬೆ ಕತ್ತು ಉಜ್ಜುತ್ತಿದ್ನಲ್ಲ, ಅವತ್ತಿಂದ."

"ಏನಂದ್ರಿ? ಕೇಳಿಸ್ಲಿಲ್ಲ."

"ಕೇಳಿಸಿದ್ದಕ್ಕೆ ಮಾತ್ರ ಮಾರ್ಕ್ಸು ಅಂದಿದ್ರಲ್ಲ ಮೇಡಂ. ಇನ್ನೊಂದ್ಸಲ ಹೇಳ್ಲಾ?"

"ಗಟ್ಟಿಯಾಗಿ ಹೇಳಿ."

ಅವನು ಸೋಪು ಹಾಕಿ ಕೈ ತೊಳೆದು, ನಲ್ಲಿ ನಿಲ್ಲಿಸಿ, ತಿರುಗಿ, ಗಟ್ಟಿಯಾಗಿ ಹೇಳಿದ. ಅವಳು ಆ ಮಾತು ಕೇಳುತ್ತಾ ಅವನ ಅಂಗಿಯ ಎಡಗಡೆಯ ಅಂಚನ್ನು ಹಿಡಿದುಕೊಂಡಿದ್ದಳು. ಅವನು ಹಾರಲಿಲ್ಲ.

ಮೇಜಿನ ಮೇಲೆ ಬೆಳಗಿನ ಕೀವು ಇನ್ನೂ ಅರ್ಧ ಬಟ್ಟಲು ಉಳಿದಿತ್ತು. ಮೇಲೆ ಕೆನೆ ಕಟ್ಟಿ ಇನ್ನೂ ಅಸಹ್ಯವಾಗಿ ಕಾಣುತ್ತಿತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಕೈ ತೊಳೆದಳು. ಕಿರುಬೆರಳನ್ನು ಅದ್ದಿ, ಕಣ್ಣು ಬಿಗಿಯಾಗಿ ಮುಚ್ಚಿ, ನಾಲಿಗೆಗೆ ಸವರಿಕೊಂಡಳು.

"ಥೂ! ಸಕ್ಕರೇನೇ ಹಾಕಿಲ್ವಲ್ರೀ!"

"ಹಾಕಿದೀನಿ, ಕೆಳಗೆ ಕೂತಿರ್ಬೇಕು," ಎಂದು ಅವನೂ ಬೆರಳದ್ದಿ ನೆಕ್ಕಿದ.

ಬಾಗಿಲಲ್ಲಿ ಏನೋ ಸದ್ದಾಯಿತು. ಮೊದಲ ವರ್ಷದ ಹುಡುಗಿಯೊಬ್ಬಳು ರೆಕಾರ್ಡ್ ಪುಸ್ತಕ ಎದೆಗೆ ಅವುಚಿಕೊಂಡು ನಿಂತಿದ್ದಳು. ಬಟ್ಟಲನ್ನು ನೋಡಿದಳು, ಇಬ್ಬರ ಬೆರಳುಗಳನ್ನು ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದು ಓಡಿದಳು.

ಅವನು ಆ ಹುಡುಗಿಯ ಹಿಂದೆ ಹೋಗಲು ಹೊರಟ. ಅವಳು ಅವನ ಅಂಗಿಯ ಅಂಚು ಹಿಡಿದು ನಿಲ್ಲಿಸಿದಳು.

"ಇರ್ಲಿ ಬಿಡಿ," ಎಂದಳು. "ನಾಳೆ ಜಗಳಕ್ಕೆ ಬರ್ತಾಳೆ. ಆಗ ಕೂತ್ಕೊಂಡು ಹೇಳೋಣ."